ಉರ್ಜೆಲ್ ಸೀಮೆಯ ಒಡತಿ

‘ಉಪಪತ್ನಿ’ ಎಂಬ ಮಾತು ಕಿವಿಗೆ ಬಿದ್ದೊಡನೆ, ಅಂತಃಪುರದ ಮರೆಯಲ್ಲಿ ಅರಸನ ಕೃಪೆಯನ್ನೇ ಕಾದು ಕುಳಿತ ಹೆಣ್ಣೊಬ್ಬಳು ನಮ್ಮ ಕಣ್ಣ ಮುಂದೆ ನಿಲ್ಲುತ್ತಾಳೆ. ಮಧ್ಯಯುಗದ ಸ್ಪೇನಿನಲ್ಲಿ ಈ ಸಂಬಂಧವು ಬರೆದು ಒಪ್ಪಿಕೊಂಡ ಕರಾರೂ ಆಗಬಹುದಾಗಿತ್ತು. ಉರ್ಜೆಲ್ಲಿನ ಔರೆಂಬಿಯಾಶಳ ಕಥೆ ಇದಕ್ಕೆ ನಿದರ್ಶನ.

ಉರ್ಜೆಲ್ ಕತಲೂನಿಯ ಪ್ರಾಂತದ ಒಂದು ಸಂಪನ್ನ ಸೀಮೆ. ಅದರ ಒಡೆಯ ಎಂಟನೆಯ ಎರ್ಮೆಂಗೋಲನು ಗಂಡುಸಂತಾನವಿಲ್ಲದೆ ತೀರಿಕೊಂಡ ಮೇಲೆ ಮಗಳು ಔರೆಂಬಿಯಾಶಳಿಗೆ ಸಲ್ಲಬೇಕಾಗಿದ್ದ ನಾಡನ್ನು ಬಂಧುವಾದ ಗೆರಾವ್ ದ ಕಾಬ್ರೆರಾ ವಶಪಡಿಸಿಕೊಂಡನು. 1228ರಲ್ಲಿ ಆಕೆ ಅರಗಾನಿನ ಅರಸ ಒಂದನೆಯ ಜೌಮೆಯ ಬಳಿಗೆ ಬಂದು ನ್ಯಾಯ ಕೇಳಿದಳು. ಅರಸನಿಗೆ ಆಗ 20 ವರ್ಷ. ನ್ಯಾಯವು ಬಿಟ್ಟಿಯಾಗಿ ದೊರೆಯಲಿಲ್ಲ. ಲೇಯ್ದಾ ನಗರದ ಮೇಲಣ ತನ್ನ ಹಕ್ಕನ್ನು ಆಕೆ ಅರಸನಿಗೆ ಬಿಡಬೇಕು. ಉರ್ಜೆಲ್ಲನ್ನು ಅವನ ಸಾಮಂತಳಾಗಿ ಆಳಬೇಕು. 9 ಕೋಟೆಗಳನ್ನು ಅವನು ಕೇಳಿದಾಗ ತೆರೆದುಕೊಡಬೇಕು. ಆಕೆ ಒಪ್ಪಿದಳು. ಅರಸನ ಸೇನೆ ಬಲಗೇರ್ ಪಟ್ಟಣವನ್ನು ಮುತ್ತಿತು. ಸೀಮೆ ಆಕೆಯ ಕೈಸೇರಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಅಗ್ರಮುಂತ್ ಎಂಬಲ್ಲಿ ಇಬ್ಬರ ನಡುವೆ ಮತ್ತೊಂದು ಪತ್ರವಾಯಿತು. ಅರಸನಿಗೆ ಕಾಸ್ತೀಲಿನ ಲೆಯೊನೊರ್ ರಾಣಿಯಾಗಿದ್ದಳು. ಆ ವಿವಾಹ ರದ್ದಾದುದು 1229ರಲ್ಲಿ. ಆದುದರಿಂದ ಇದು ಮದುವೆಯ ಪತ್ರವಲ್ಲ, ಉಪಪತ್ನೀತ್ವದ ಒಡಂಬಡಿಕೆ. ತಮಗೆ ಹುಟ್ಟುವ ಮಗನಿಗೆ ಉರ್ಜೆಲ್ ಸಲ್ಲಬೇಕೆಂಬುದು ಅದರ ತಿರುಳು. ಕೋಟೆಗಳ ವಿಚಾರದಲ್ಲಿ ಒಡೆಯನೂ ಸಾಮಂತಳೂ ಆಡಿದ ಭಾಷೆಯನ್ನೇ ಇಲ್ಲಿ ಗಂಡೂ ಹೆಣ್ಣೂ ಆಡಿದರು: ಕೊಡುವುದೇನು, ಪಡೆಯುವುದೇನು?

ಜೌಮೆ ತನ್ನ ಆಳ್ವಿಕೆಯ ಕಥೆಯನ್ನು ತಾನೇ ಹೇಳಿದ ಗ್ರಂಥವೊಂದಿದೆ. ಔರೆಂಬಿಯಾಶಳ ಮೊರೆಯನ್ನೂ ಬಲಗೇರ್ ಮುತ್ತಿಗೆಯನ್ನೂ ಅದು ವಿಸ್ತಾರವಾಗಿ ಬಣ್ಣಿಸುತ್ತದೆ. ಅಗ್ರಮುಂತಿನ ಪತ್ರದ ವಿಷಯದಲ್ಲಿ ಮಾತ್ರ ಮೌನ. ಆ ಗ್ರಂಥವೊಂದನ್ನೇ ನಂಬಿದರೆ ನಮಗೆ ಕಾಣುವವಳು ಆಸರೆ ಬೇಡಿದ ಅಬಲೆ. ಪತ್ರವನ್ನು ನೋಡಿದರೆ, ತನ್ನ ಬಳಿ ಇದ್ದುದನ್ನು ತೂಗಿ, ಹುಟ್ಟದ ಮಗುವಿನ ಹಕ್ಕನ್ನೂ ಮರೆಯದೆ ಕರಾರು ಮಾಡಿದ ಒಡತಿ.

ಆ ಮಗು ಹುಟ್ಟಲಿಲ್ಲ. 1229ರಲ್ಲಿ ಆಕೆ ಪೋರ್ಚುಗಲ್ಲಿನ ರಾಜಕುಮಾರ ಪೆದ್ರೊವನ್ನು ವರಿಸಿದಳು. 1231ರಲ್ಲಿ ಸೀಮೆಯನ್ನು ಅವನಿಗೆ ಬಿಟ್ಟು ತೀರಿಕೊಂಡಳು. ಅದೇ ವರ್ಷ ಪೆದ್ರೊ ಉರ್ಜೆಲ್ಲನ್ನು ಜೌಮೆಗೆ ಒಪ್ಪಿಸಿ, ಹೊಸದಾಗಿ ಗೆದ್ದ ಮಯೋರ್ಕಾ ದ್ವೀಪದ ಒಡೆತನವನ್ನು ಪಡೆದನು. ಹೆಣ್ಣೊಬ್ಬಳು ಅಷ್ಟು ಬೆಲೆ ತೆತ್ತು ಮರಳಿ ಪಡೆದ ನಾಡು ಇಬ್ಬರು ಗಂಡಸರ ವಿನಿಮಯದ ವಸ್ತುವಾಯಿತು. ಕರಾರಿನಿಂದ ಆಕೆಗೆ ದನಿ ದೊರಕಿತ್ತು, ನಿಜ. ಆ ದನಿಯ ಆಯುಷ್ಯ ಆಕೆಯ ಆಯುಷ್ಯವನ್ನು ಮೀರಲಿಲ್ಲ.