ಕಡಲ ತಡಿಯಲ್ಲಿ ಮೂರು ದಿನ

ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಪೂರ್ವದ ಆಲಂಕಾರಿಕರು ವಿಧಿಸಿದ್ದಾರೆ. ಅವುಗಳಲ್ಲಿ ಸಮುದ್ರವರ್ಣನೆಯೂ ಒಂದು. ಈ ಮಾತನ್ನು ನಾನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಕಡಲು, ಅಬ್ಧಿ, ಜಲಧಿ, ಶರಧಿ, ವಾರಿಧಿ, ಅಂಬುಧಿ, ರತ್ನಾಕರ ಎಂದು ಪರ್ಯಾಯ ಪದಗಳನ್ನು ಕಪ್ಪುಹಲಗೆಯ ಮೇಲೆ ಸಾಲಾಗಿ ಬರೆದು, ಒಂದೊಂದರ ಅರ್ಥವನ್ನೂ ಬಿಡಿಸಿ ತೋರಿಸಿದ್ದೇನೆ. ಆದರೆ ಒಮ್ಮೆ ಚೆನ್ನೈಯಲ್ಲಿ ಬಸ್ಸಿನ ಕಿಟಕಿಯಿಂದ ಎರಡು ನಿಮಿಷ ಕಂಡದ್ದನ್ನು ಬಿಟ್ಟರೆ ಸಮುದ್ರವೆಂಬುದು ನನ್ನ ಪಾಲಿಗೆ ಪುಸ್ತಕದ ಸಂಗತಿಯೇ ಆಗಿತ್ತು.

ನಮ್ಮದು ಬಯಲುಸೀಮೆ. ಊರು ಬಾದನಹಟ್ಟಿ, ದೊಡ್ಡಬಸವೇಶ್ವರನ ಕುರುಗೋಡಿಗೆ ನೆರೆಯದು. ಎರೆಮಣ್ಣು, ಕಾಲುವೆಯ ನೀರು, ಬತ್ತದ ಗದ್ದೆ, ಬೇಸಗೆಯ ಉರಿಬಿಸಿಲು, ಇವು ನಮಗೆ ಗೊತ್ತು. ನಮಗೆ ಅನ್ನವಿಕ್ಕುವ ನದಿಯ ನಡೆಯೂ ವಿಚಿತ್ರವಾದುದು. ತುಂಗೆಯೂ ಭದ್ರೆಯೂ ಪಶ್ಚಿಮಘಟ್ಟದ ವರಾಹಪರ್ವತದಲ್ಲಿ, ಅರಬ್ಬೀ ಸಮುದ್ರಕ್ಕೆ ಸಮೀಪದಲ್ಲೇ ಹುಟ್ಟಿಯೂ ಅದಕ್ಕೆ ಬೆನ್ನು ತಿರುಗಿಸಿ ಮೂಡಣಕ್ಕೆ ಹೊರಡುತ್ತವೆ. ಕೂಡಲಿಯಲ್ಲಿ ಒಂದಾಗಿ, ನಮ್ಮ ಜಿಲ್ಲೆಯ ಅಂಚನ್ನು ತೊಳೆದು, ಕೃಷ್ಣೆಯನ್ನು ಕೂಡಿ, ದೂರದ ಬಂಗಾಳಕೊಲ್ಲಿಯನ್ನು ಸೇರುತ್ತವೆ. ನದಿಯೇ ಬೆನ್ನು ತಿರುಗಿಸಿದ ಕಡಲಿಗೆ ನಾವಾದರೂ ಏಕೆ ಹೋಗಬೇಕೆಂದು ನಾನು ಹೆಂಡತಿಯೊಡನೆ ವಿನೋದವಾಡುವುದುಂಟು. ಮದುವೆಯಾಗಿ ಇಪ್ಪತ್ತೆರಡು ವರ್ಷ ಅವಳು ಈ ವಿನೋದವನ್ನು ಸಹಿಸಿದಳು. ಕಡೆಗೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮಗನು ತನ್ನ ಮೊದಲ ಸಂಬಳದಲ್ಲಿ, ಹೊನ್ನಾವರದ ಬಳಿಯ ಕಾಸರಕೋಡಿನ ಕಡಲ ತಡಿಯ ರಿಸಾರ್ಟೊಂದರಲ್ಲಿ ನಮಗಾಗಿ ಕೋಣೆಯನ್ನು ಕಾದಿರಿಸಿಬಿಟ್ಟನು. ಫೆಬ್ರುವರಿಯ ಮೊದಲ ವಾರ ನಾವಿಬ್ಬರೂ ಹೊರಟೆವು.

ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳ, ಗದಗು, ಹುಬ್ಬಳ್ಳಿಗಳನ್ನು ಹಾದು, ಯಲ್ಲಾಪುರದ ಕಾಡನ್ನು ಹೊಕ್ಕು, ಅರಬೈಲು ಘಟ್ಟವನ್ನಿಳಿದರೆ ಅಂಕೋಲೆ. ಸುಮಾರು 350 ಕಿಲೋಮೀಟರುಗಳ ದಾರಿ. ನಮಗಿಂತ ಮೊದಲೇ ನಮ್ಮ ನೆಲವು ಈ ದಾರಿಯಲ್ಲಿ ಸಮುದ್ರಕ್ಕೆ ಹೋಗಿತ್ತು. 2010ರಲ್ಲಿ ರಾಜ್ಯ ಸರಕಾರವು ರಫ್ತನ್ನು ನಿಷೇಧಿಸುವವರೆಗೆ, ಹೊಸಪೇಟೆ ಸೊಂಡೂರುಗಳ ಕಬ್ಬಿಣದ ಅದಿರು ಲಾರಿಲಾರಿಯಾಗಿ ಇದೇ ಘಟ್ಟವನ್ನಿಳಿದು ಬೇಲೇಕೇರಿ, ಕಾರವಾರಗಳ ಬಂದರನ್ನು ಸೇರುತ್ತಿತ್ತು. ಮಣ್ಣು ಹೋದ ದಾರಿಯಲ್ಲಿ ತಡವಾಗಿ ನಾವು ಮಣ್ಣಿನವರು ಹೋದೆವು.

ಮೊದಲ ದಿನ ಗೋಕರ್ಣ. ಮಹಾಬಲೇಶ್ವರನ ದರ್ಶನವಾದ ಮೇಲೆ ಡಾಲ್ಫಿನ್ ತೋರಿಸುವ ದೋಣಿಯೊಂದನ್ನು ಹತ್ತಿದೆವು. ಈ ಕರಾವಳಿಯಲ್ಲಿ ಕಾಣುವುದು ಬೆನ್ನಿನ ಮೇಲೆ ಗೂನಿನಂಥ ಉಬ್ಬುಳ್ಳ ಜಾತಿ. ಆಳದ ಕಡಲಿಗೆ ಹೋಗದೆ ದಡದ ಬಳಿಯ ತೆಳುನೀರಿನಲ್ಲೂ ನದಿಗಳ ಅಳಿವೆಗಳಲ್ಲೂ ಬದುಕುವಂಥದು. ಮೀನಿನಂತೆ ಕಂಡರೂ ಅದು ಮೀನಲ್ಲ. ನಮ್ಮಂತೆಯೇ ಅದಕ್ಕೆ ಪುಪ್ಪುಸವುಂಟು; ಉಸಿರಿಗಾಗಿ ಮೇಲೆ ಬರಲೇಬೇಕು; ಮರಿಗೆ ಹಾಲೂಡಿಸಬೇಕು. ದೂರದಲ್ಲೊಂದು ಬೂದುಬಣ್ಣದ ಬೆನ್ನು ಕಂಡದ್ದೇ ತಡ, ಐದಾರು ದೋಣಿಗಳು ಯಂತ್ರವನ್ನು ಗುಡುಗಿಸುತ್ತ ಅದರತ್ತ ಧಾವಿಸಿದವು. ಬೆನ್ನು ಮುಳುಗಿತು, ಮತ್ತೆ ಮೂಡಲಿಲ್ಲ. ನಮ್ಮ ದೋಣಿಯವನು ಮಾತ್ರ ಯಂತ್ರವನ್ನು ನಿಲ್ಲಿಸಿ ಬೀಡಿ ಹಚ್ಚಿ ಸುಮ್ಮನೆ ಕುಳಿತನು. ದುಡ್ಡು ದಂಡವಾಯಿತೆಂದು ನಾನು ಒಳಗೊಳಗೇ ಲೆಕ್ಕ ಹಾಕುತ್ತಿರುವಾಗ, ಹತ್ತು ಮಾರು ದೂರದಲ್ಲಿ ನೀರು ಬಿರಿದು, ಬುಸ್ಸೆಂದು ಒಂದು ಉಸಿರು ಕೇಳಿಸಿತು. ದೊಡ್ಡದೊಂದು, ಅದರ ಪಕ್ಕಕ್ಕೆ ಅಂಟಿಕೊಂಡು ಚಿಕ್ಕದೊಂದು. ಕಣ್ಣು ತುಂಬುವುದರೊಳಗೆ ಎರಡೂ ಮರೆಯಾದವು. “ಆಕಳು ಉಸಿರು ಬಿಟ್ಟಂಗ ಆತಲ್ರೀ!” ಎಂದಳು ನನ್ನ ಹೆಂಡತಿ. ಇಪ್ಪತ್ತು ವರ್ಷಗಳಲ್ಲಿ ನಾನು ಬರೆಸಿದ ಯಾವ ಟಿಪ್ಪಣಿಯಲ್ಲಿಯೂ ಇಷ್ಟು ನಿಜವಾದ ಉಪಮೆ ಬಂದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಅಂದು ಸಂಜೆ ಶರಾವತಿಯ ಸೇತುವೆಯನ್ನು ದಾಟಿ ಕಾಸರಕೋಡನ್ನು ಸೇರಿದೆವು. ಶುಚಿತ್ವಕ್ಕೂ ಸುರಕ್ಷಿತತೆಗೂ ನೀಡುವ ‘ನೀಲಿ ಬಾವುಟ’ದ ಅಂತರರಾಷ್ಟ್ರೀಯ ಮನ್ನಣೆಯನ್ನು 2020ರಲ್ಲಿ ಪಡುಬಿದ್ರಿಯೊಡನೆ ಪಡೆದ ತೀರವಿದು. ಮರುದಿನ ಬೆಳಗ್ಗೆ ನೀರಿಳಿದ ಮರಳಿನ ಮೇಲೆ ಯಾರೋ ರಂಗವಲ್ಲಿ ಇಟ್ಟಂತೆ ಸಣ್ಣ ಸಣ್ಣ ಉಂಡೆಗಳ ಸಾಲುಗಳು ಹರಡಿದ್ದವು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಏಡಿಗಳು ಮರಳನ್ನು ಬಾಯಿಗೆ ತುಂಬಿ, ಅದರಲ್ಲಿಯ ಆಹಾರವನ್ನು ಸೋಸಿಕೊಂಡು, ಉಳಿದುದನ್ನು ಉಂಡೆಕಟ್ಟಿ ಹೊರಗಿಡುತ್ತಿದ್ದವು. ಮುಂದಿನ ಉಬ್ಬರವು ಅಷ್ಟನ್ನೂ ಅಳಿಸುತ್ತದೆ. ಅವು ಮತ್ತೆ ತೊಡಗುತ್ತವೆ. ಗದ್ದೆಯ ಬದುವಿಗೆ ತೂತು ಕೊರೆದು ನೀರು ಸೋರಿಸುವ ಏಡಿಯನ್ನು ಬೈದು ಬೆಳೆದವಳು ನನ್ನ ಹೆಂಡತಿ. ಇವುಗಳ ನಡುವೆ ಅವಳು ಕಾಲು ಎತ್ತಿ ಎತ್ತಿ ಇಟ್ಟು ನಡೆದಳು.

ನಾನು ಕಡಲಿನ ಪರ್ಯಾಯ ಪದಗಳನ್ನೆಲ್ಲ ಹೇಳತೊಡಗಿದೆ. ಅವಳು ಕೊನೆಯವರೆಗೂ ಕೇಳಿ, “ಇಷ್ಟು ಹೆಸರು ಅದಾವು, ಒಂದರಾಗೂ ಉಪ್ಪಿನ ವಾಸನಿ ಇಲ್ಲಲ್ರೀ” ಎಂದಳು. ‘ಲವಣಾಂಬುಧಿ’ ಎಂಬುದೊಂದು ಇದೆಯೆಂದು ನನಗೆ ನೆನಪಾಗುವ ಹೊತ್ತಿಗೆ ಮಾತು ಬೇರೆಡೆಗೆ ತಿರುಗಿತ್ತು.

ಇನ್ನು ನಾನು ಹೇಳಬೇಕಾದ ಸಂಗತಿ ಆ ರಾತ್ರಿಯದು. ಅದು ನನಗೆ ಹೆಮ್ಮೆಯ ಸಂಗತಿಯಲ್ಲ.

ಉತ್ತರ ಕನ್ನಡದ ಈ ಮರಳ ತಡಿಗೆ ಚಳಿಗಾಲದ ಇರುಳುಗಳಲ್ಲಿ ‘ಆಲಿವ್ ರಿಡ್ಲೆ’ ಎಂಬ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಒಡಿಶಾದ ಗಹಿರಮಥ, ಋಷಿಕುಲ್ಯಗಳಲ್ಲಿ ಸಾವಿರಸಾವಿರವಾಗಿ ದಡವೇರುವ ಜಾತಿಯೇ ಇದು. ಇಲ್ಲಿ ಮಾತ್ರ ಒಂಟಿಯಾಗಿ ಬರುತ್ತದೆ. ಹೆಣ್ಣಾಮೆಯು ತಾನು ಹುಟ್ಟಿದ ಪ್ರದೇಶದ ತೀರಕ್ಕೇ ವರ್ಷಗಳ ಬಳಿಕ ಹಿಂದಿರುಗುತ್ತದೆ. ಹಿಂಗಾಲುಗಳಿಂದ ಒಂದೂವರೆ ಅಡಿಯಷ್ಟು ಆಳದ, ಹೂಜಿಯ ಆಕಾರದ ಗುಂಡಿಯನ್ನು ತೋಡಿ, ನೂರರಷ್ಟು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ಮೈಯನ್ನು ಅತ್ತಿತ್ತ ತೂಗಿ ನೆಲವನ್ನು ಗಟ್ಟಿಮಾಡಿ ಹೊರಟುಹೋಗುತ್ತದೆ. ಮತ್ತೆ ಅತ್ತ ತಿರುಗಿ ನೋಡುವುದಿಲ್ಲ. ಕಾವು ಕೊಡುವುದು ಮರಳು. ಆ ಮರಳಿನ ಬಿಸಿಯೇ ಮರಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಣಯಿಸುತ್ತದೆ. ಬಿಸಿ ಹೆಚ್ಚಾದರೆ ಹೆಣ್ಣು, ಕಡಿಮೆಯಾದರೆ ಗಂಡು. ಇಷ್ಟನ್ನೂ ನಾನು ಹೊರಡುವ ಮುನ್ನ ಓದಿಕೊಂಡಿದ್ದೆ. ಓದಿದ್ದು ಕೆಲಸಕ್ಕೆ ಬರಲಿಲ್ಲ.

ರಾತ್ರಿ ಹನ್ನೊಂದರ ಸುಮಾರಿಗೆ ಊಟದ ಮೇಲೆ ನಾವಿಬ್ಬರೂ ತಡಿಯಲ್ಲಿ ನಡೆಯುತ್ತಿದ್ದೆವು. ಬಲೆ ಕಾಯುತ್ತಿದ್ದ ಮುದುಕನೊಬ್ಬನು ಕೈಸನ್ನೆಯಿಂದ ನಮ್ಮನ್ನು ತಡೆದು, ತುಟಿಯ ಮೇಲೆ ಬೆರಳಿಟ್ಟು, ನೀರಿನತ್ತ ತೋರಿಸಿದನು. ಮೊದಲು ಕಲ್ಲೆಂದು ಭ್ರಮಿಸಿದೆ. ಕಲ್ಲು ಚಲಿಸಿತು. ಎರಡಡಿ ಉದ್ದದ ಆಮೆಯೊಂದು ಮುಂಗಾಲುಗಳಿಂದ ಮರಳನ್ನು ಬಾಚಿಕೊಳ್ಳುತ್ತ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಸುಯ್ಯುತ್ತ, ದಿಬ್ಬದತ್ತ ಏರುತ್ತಿತ್ತು. ನೀರಿನಲ್ಲಿ ಹಕ್ಕಿಯಂತೆ ಹಾರುವ ಜೀವಕ್ಕೆ ನೆಲದ ಮೇಲೆ ತನ್ನ ಮೈಯೇ ಭಾರ. ನಾವು ಕುಕ್ಕುರುಗಾಲಿನಲ್ಲಿ ಕುಳಿತೆವು. ಆಮೆಯು ದಿಬ್ಬದ ಬುಡವನ್ನು ಸೇರಿ, ಮುಖವನ್ನು ಮರಳಿಗೆ ಒತ್ತಿ, ತಾವು ನೋಡುವಂತೆ ನಿಂತಿತು.

ಆಗ ನನ್ನ ಬುದ್ಧಿಗೆ ಏನಾಯಿತೋ! ತರಗತಿಯ ಹುಡುಗರಿಗೆ ತೋರಿಸಬೇಕು, ಮಗನಿಗೆ ಕಳಿಸಬೇಕು ಎಂದು ಮೊಬೈಲನ್ನು ತೆಗೆದು ಗುಂಡಿಯೊತ್ತಿದೆ. ಫಕ್ಕನೆ ಬೆಳಕು ಹೊಡೆಯಿತು. ಆಮೆಯು ಒಂದು ಗಳಿಗೆ ಕಲ್ಲಾಯಿತು. ಆಮೇಲೆ ನಿಧಾನವಾಗಿ ಮೈಯನ್ನು ತಿರುಗಿಸಿ, ಬಂದಷ್ಟೇ ಕಷ್ಟದಿಂದ, ಹೊಟ್ಟೆಯ ಭಾರವನ್ನು ಹೊತ್ತುಕೊಂಡೇ ನೀರಿನತ್ತ ನಡೆಯಿತು. ಮೊದಲ ತೆರೆ ಅದನ್ನು ಮುಟ್ಟಿತು, ಎರಡನೆಯದು ಒಯ್ದಿತು.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಅನಂತರ ನನ್ನ ಹೆಂಡತಿ ಮೆಲ್ಲನೆ, “ನಮ್ಮ ಮನ್ಯಾಗ ಎಮ್ಮಿ ಈಯೋ ಹೊತ್ತಿಗೆ ಅವ್ವ ಕಂದೀಲು ಮರಿ ಮಾಡ್ತಿದ್ಲು. ಸೆರಗು ಅಡ್ಡ ಹಿಡದು ನಿಂದರತಿದ್ಲು. ಇದು ನಿಮಗ ಯಾರೂ ಹೇಳಿರಲಿಲ್ಲೇನ್ರೀ?” ಎಂದಳು. ಕೋಪಿಸಿಕೊಂಡಿದ್ದರೆ ಸಮಾಧಾನವಾಗುತ್ತಿತ್ತು.

ಮುದುಕನೇ ನನ್ನ ಮೇಲೆ ಕನಿಕರಪಟ್ಟನು. “ಇರ್ಲಿ ಮಾಸ್ತರ್ರೇ. ಇವತ್ತಲ್ಲದಿದ್ರೆ ನಾಳೆ ಬರ್ತದೆ, ಇಲ್ಲಲ್ಲದಿದ್ರೆ ಆಚೆ ಬರ್ತದೆ” ಎಂದನು. ಅದು ಬರಿಯ ಸಾಂತ್ವನವಲ್ಲ, ನಿಜ. ಗುಂಡಿ ತೋಡುವ ಮೊದಲು ಆಮೆಯ ಅಂಜಿಕೆ ಅತಿ ಹೆಚ್ಚು; ಬೆಳಕಿಗೋ ಅಲುಗಾಟಕ್ಕೋ ಬೆದರಿ ಹಿಂದಿರುಗಿದ ಆಮೆ ಅಂದೋ ಮರುರಾತ್ರಿಯೋ ಮತ್ತೆ ದಡವೇರಲು ಯತ್ನಿಸುವುದುಂಟು. ಆದರೆ ಆ ಎರಡನೆಯ ಪ್ರಯಾಸವನ್ನು ಅದರ ತಲೆಗೆ ಕಟ್ಟಿದವನು ನಾನು. ಮೊಟ್ಟೆಯಿಡುವಾಗ ಆಮೆ ಅಳುತ್ತದೆಂದೂ ಮುದುಕನು ಹೇಳಿದನು. ಅದು ಅಳುವಲ್ಲ, ಮೈಯೊಳಗಿನ ಹೆಚ್ಚಿನ ಉಪ್ಪನ್ನು ಕಣ್ಣಿನ ಬಳಿಯ ಗ್ರಂಥಿಗಳು ಹೊರಹಾಕುವ ಬಗೆ ಎಂದು ನಾನು ಓದಿದ್ದೆ. ಹೇಳಲು ಬಾಯಿ ಬರಲಿಲ್ಲ.

ಬೆಳಗಾದ ಮೇಲೆ ಅದೇ ತಾಣಕ್ಕೆ ಹೋದೆವು. ಮರಳಿನ ಮೇಲೆ ಟ್ರ್ಯಾಕ್ಟರಿನ ಗಾಲಿ ಉರುಳಿದಂಥ ಜಾಡು ನೀರಿನಂಚಿನಿಂದ ದಿಬ್ಬದವರೆಗೆ ಏರಿ, ಅಲ್ಲಿ ಸುತ್ತಿ, ಮತ್ತೆ ನೀರಿಗೆ ಇಳಿದಿತ್ತು. ಗುಂಡಿಯ ಗುರುತಿರಲಿಲ್ಲ. ಹಗಲಿನ ಬೆಳಕಿನಲ್ಲಿ ಆ ಜಾಡಿನ ಚಿತ್ರವೊಂದನ್ನು ತೆಗೆದುಕೊಂಡೆ.

ಅಲ್ಲಿಂದ ತುಸು ದೂರದಲ್ಲಿ, ಡಿಸೆಂಬರಿನಲ್ಲಿಟ್ಟ ಮೊಟ್ಟೆಗಳ ಗೂಡೊಂದಕ್ಕೆ ಅರಣ್ಯ ಇಲಾಖೆಯವರು ಬಲೆಯ ಬೇಲಿ ಕಟ್ಟಿದ್ದರು. ಕಡಲಾಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆಯುಂಟು. ಆದರೆ ಇರುಳಿನ ಕಡಲ ತಡಿಯಲ್ಲಿ ಕಾಯಿದೆಗೆ ಕಣ್ಣಾಗುವವರು ಮೀನುಗಾರರೇ. ಗೂಡು ಕಂಡರೆ ಸುದ್ದಿ ತರುವವರು, ನಾಯಿ ನರಿಗಳನ್ನು ಅಟ್ಟುವವರು ಅವರು. ಅವರ ಬಲೆಗೆ ಸಿಕ್ಕ ಆಮೆ ಉಸಿರಿಲ್ಲದೆ ಸಾಯುವುದೂ ಸುಳ್ಳಲ್ಲ. ಆದರೆ ಜೂನ್ ಮೊದಲಿನಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ದೋಣಿಗಳನ್ನು ದಡಕ್ಕೆಳೆದು, ಕಡಲಿಗೆ ಈಯುವ ಬಿಡುವನ್ನು ಕೊಡುವವರೂ ಅವರೇ. ಇಲ್ಲಿಯ ಟೊಂಕದ ಬಂದರು ಯೋಜನೆಯನ್ನು ಮೀನುಗಾರರು ವಿರೋಧಿಸಿದಾಗ, ತಮ್ಮ ಮನೆಗಳ ಜೊತೆಗೆ ಈ ಗೂಡುಗಳ ಮಾತನ್ನೂ ಎತ್ತಿದ್ದರು.

ಮೂರನೆಯ ಸಂಜೆ ಆ ಗೂಡು ಕುಸಿಯಿತು. ಮರಳು ನಡುಗಿ, ಕುದಿಯುವಂತೆ ಎದ್ದು, ಅಂಗೈಯೊಳಗೆ ಅಡಗುವಷ್ಟು ಚಿಕ್ಕ ಕರಿಯ ಮರಿಗಳು ಒಂದರ ಮೇಲೊಂದು ಹತ್ತಿ ಹೊರಬಂದವು. ಕಾವಲುಗಾರನು ಬೇಲಿ ಸರಿಸಿ, ನೀರಿಗೆ ಕೆಲವು ಮಾರು ಹಿಂದೆಯೇ ಅವುಗಳನ್ನು ಬಿಟ್ಟನು. ಎತ್ತಿ ನೀರಿಗೇ ಹಾಕಬಾರದೇ ಎಂದು ನಾನು ಕೇಳಿದೆ. ನೆಲದ ಮೇಲೆ ತಾವೇ ನಡೆದರೆ ತೀರದ ಗುರುತು ಅವುಗಳಲ್ಲಿ ನಿಲ್ಲುತ್ತದೆಂದು ನಂಬಿಕೆ, ಎಂದನು. ಕತ್ತಲ ದಿಬ್ಬಕ್ಕೆ ಬೆನ್ನು ಹಾಕಿ, ತಗ್ಗಿನಲ್ಲಿ ಬೆಳಗುವ ಕಡಲ ದಿಗಂತದತ್ತ ಮರಿಗಳು ಓಡುತ್ತವೆ. ಅಂದು ನಾಲ್ಕೈದು ಮರಿಗಳು ಮಾತ್ರ ತಿರುಗಿ ನಮ್ಮ ರಿಸಾರ್ಟಿನತ್ತ ಹೊರಟವು. ಅಲ್ಲಿ ತೋಟದ ಕಂಬದ ಮೇಲೆ ದೊಡ್ಡ ದೀಪ ಹತ್ತಿತ್ತು; ಅವು ಅದನ್ನೇ ಕಡಲೆಂದುಕೊಂಡಿದ್ದವು.

ನನ್ನ ಹೆಂಡತಿ ಯಾರನ್ನೂ ಕೇಳದೆ ನಡೆದುಹೋಗಿ ವ್ಯವಸ್ಥಾಪಕನನ್ನು ಕಂಡಳು. ಏನು ಹೇಳಿದಳೋ ತಿಳಿಯದು, ದೀಪ ಆರಿತು. ಹಿಂದಿರುಗಿ ಬಂದು, ನೀರಿಗೂ ಕಟ್ಟಡಕ್ಕೂ ನಡುವೆ, ಸೆರಗನ್ನು ಎರಡೂ ಕೈಗಳಿಂದ ಅಗಲವಾಗಿ ಹಿಡಿದು ನಿಂತಳು. ದಾರಿ ತಪ್ಪಿದ ಮರಿಗಳನ್ನು ಕಾವಲುಗಾರನು ತಿರುಗಿಸಿಬಿಟ್ಟನು. ನಾನು ಮೊಬೈಲನ್ನು ಕೋಣೆಯಲ್ಲೇ ಬಿಟ್ಟು ಬಂದಿದ್ದೆ. ಕೊನೆಯ ಮರಿಯನ್ನು ತೆರೆಯು ಎರಡು ಸಲ ದಡಕ್ಕೆ ಎಸೆಯಿತು. ಮೂರನೆಯ ಸಲ ಅದು ಹೋಯಿತು. ಸಾವಿರ ಮರಿಗಳಲ್ಲಿ ಒಂದು ಬೆಳೆದು ದೊಡ್ಡದಾಗುತ್ತದೆಂದು ಅಂದಾಜು ಹೇಳುತ್ತಾರೆ. “ನಮ್ಮ ಹುಡುಗ ಬೆಂಗಳೂರಾಗ ಊಟ ಮಾಡ್ಯಾನೋ ಇಲ್ಲೋ” ಎಂದಳು ಅವಳು, ನೀರನ್ನೇ ನೋಡುತ್ತ.

ರಜೆ ಮುಗಿದು ತರಗತಿಗೆ ಹೋದಾಗ ಹುಡುಗರು, “ಸಮುದ್ರದಾಗ ಏನೇನು ನೋಡಿದ್ರಿ ಸರ್? ಫೋಟೋ ತೋರಿಸ್ರಿ” ಎಂದರು. ಡಾಲ್ಫಿನಿನ ಚಿತ್ರ ನನ್ನಲ್ಲಿಲ್ಲ, ಆಮೆಯದೂ ಇಲ್ಲ, ಮರಿಗಳದಂತೂ ಇಲ್ಲವೇ ಇಲ್ಲ. ಇದ್ದುದೊಂದೇ ಚಿತ್ರವನ್ನು ತೋರಿಸಿದೆ: ಮರಳಿನ ಮೇಲೆ ಏರಿ, ಸುತ್ತಿ, ಇಳಿದ ಜಾಡು. ಇದೇನೆಂದು ಕೇಳಿದರು. ಅಂದು ಸಮುದ್ರವರ್ಣನೆಯ ಪಾಠವನ್ನು ಅಲ್ಲಿಂದಲೇ ಆರಂಭಿಸಿದೆ. ನನ್ನ ತಪ್ಪನ್ನು ಮುಚ್ಚಿಡಲಿಲ್ಲ.