ನಂಬರು ಅಸಲಿ, ಹರಳು ಬೇರೆ

ಆನ್‌ಲೈನಿನಲ್ಲಿ ಮಾಣಿಕ್ಯವನ್ನೋ ಕನಕ ಪುಷ್ಯರಾಗವನ್ನೋ ತರಿಸಿದರೆ ಜೊತೆಗೆ ಎಟಿಎಂ ಕಾರ್ಡಿನಷ್ಟು ದೊಡ್ಡ ಲ್ಯಾಬ್ ಕಾರ್ಡೊಂದು ಬರುತ್ತದೆ. ಹರಳಿನ ಫೋಟೊ, ತೂಕ, ನಂಬರು, ಮೂಲೆಯಲ್ಲೊಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಅದೇ ವಿವರ ಮೊಬೈಲಿನಲ್ಲೂ ಕಾಣುತ್ತದೆ. ಬಹಳ ಜನ ಅಷ್ಟಕ್ಕೇ ನಂಬಿಬಿಡುತ್ತಾರೆ. ಆದರೆ ಆ ಕೋಡ್ ಯಾವ ಜಾಲತಾಣ ತೆರೆಯಬೇಕೆಂದು ತೀರ್ಮಾನಿಸಿದವನು ಕಾರ್ಡು ಅಚ್ಚು ಹಾಕಿಸಿದವನೇ. ಹೆಸರಾಂತ ಲ್ಯಾಬಿನಂತೆಯೇ ಕಾಣುವ ಜಾಲತಾಣ ಮಾಡಿಕೊಂಡು, ಕಳ್ಳ ಕಾರ್ಡಿಗೆ ಕಳ್ಳಸಾಕ್ಷಿ ಹೇಳಿಸುವುದು ದೊಡ್ಡ ಕೆಲಸವೇನಲ್ಲ. ಆದ್ದರಿಂದ ಕೋಡನ್ನು ಬಿಟ್ಟುಬಿಡಿ. ಲ್ಯಾಬಿನ ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ, ಅಲ್ಲಿ ರಿಪೋರ್ಟ್ ನಂಬರು ಹಾಕಿ ನೋಡಿ. ಜಿಐಎ, ಐಜಿಐ ಸಂಸ್ಥೆಗಳ ತಾಣಗಳಲ್ಲಿ ಇದಕ್ಕೆ ಕಾಸು ಕೊಡಬೇಕಿಲ್ಲ.

ಇದಕ್ಕಿಂತ ನಾಜೂಕಾದ ಮೋಸವೊಂದಿದೆ. ನಂಬರು ಅಸಲಿಯೇ, ಆದರೆ ಇನ್ನೊಂದು ಹರಳಿನದು. ಗಣಿಯಿಂದ ಬಂದ ವಜ್ರದ ರಿಪೋರ್ಟ್ ನಂಬರನ್ನು ಲ್ಯಾಬಿನಲ್ಲಿ ಬೆಳೆಸಿದ ವಜ್ರದ ಅಂಚಿನ ಮೇಲೆ ಲೇಸರಿನಿಂದ ಕೊರೆದ ಪ್ರಕರಣಗಳು ಪತ್ತೆಯಾಗಿವೆ. ಜಾಲತಾಣದಲ್ಲಿ ಹುಡುಕಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ! ಆಗ ನಂಬರನ್ನು ಬಿಟ್ಟು ಹರಳನ್ನೇ ನೋಡಬೇಕು. ರಿಪೋರ್ಟಿನಲ್ಲಿ ತೂಕ ಕ್ಯಾರಟಿನ ನೂರನೇ ಒಂದು ಭಾಗದವರೆಗೂ ಇರುತ್ತದೆ (ಒಂದು ಕ್ಯಾರಟ್ ಎಂದರೆ 0.2 ಗ್ರಾಂ), ಅಳತೆ ಮಿಲಿಮೀಟರಿನಲ್ಲಿ ಇರುತ್ತದೆ. ಎರಡನ್ನೂ ಹರಳಿನ ವ್ಯಾಪಾರಿಯ ಬಳಿ ತಾಳೆ ನೋಡಿಸಬಹುದು. ಉಂಗುರದಲ್ಲಿ ಕೂರಿಸಿದ ಹರಳಿನ ನಿಖರ ತೂಕ ಸಿಗುವುದಿಲ್ಲ. ಬಿಡಿ ಹರಳನ್ನೇ ಕೊಳ್ಳಿ ಎನ್ನುವುದು ಇದಕ್ಕೇ. ಮೋಸಗಾರ ತೂಕ, ಅಳತೆ ಎರಡೂ ಹೊಂದುವಂತೆ ಹರಳು ಆರಿಸಿದ್ದರೆ ಮಾತ್ರ ಲ್ಯಾಬಿನ ಉಪಕರಣವೇ ಬೇಕು.

ಮಾಣಿಕ್ಯದ ಕಥೆಯೇ ಬೇರೆ. ಬಿರುಕುಬಿಟ್ಟ ಅಗ್ಗದ ಹರಳಿಗೆ ಸೀಸ ಬೆರೆತ ಗಾಜನ್ನು ತುಂಬಿ ಹೊಳಪು ಬರಿಸುತ್ತಾರೆ. ನಿಂಬೆರಸ ತಾಗಿದರೂ ಈ ಗಾಜು ಕೆಡುತ್ತದೆ. ಜಾಹೀರಾತಿನಲ್ಲಿ ‘ನೈಸರ್ಗಿಕ ಮಾಣಿಕ್ಯ’ ಎಂದು ದಪ್ಪಕ್ಷರ, ಗಾಜಿನ ವಿಷಯ ಕಾರ್ಡಿನ ‘ಕಾಮೆಂಟ್ಸ್’ ಸಾಲಿನಲ್ಲಿ ಇರುವೆಯಷ್ಟು ಸಣ್ಣದಾಗಿ. ಕೆಲವರು ಆ ಸಾಲನ್ನೇ ಅಳಿಸಿ ಫೋಟೊ ಹಾಕುತ್ತಾರೆ. ನಾನಾದರೆ ಹಣ ಕಟ್ಟುವ ಮೊದಲು ಆ ಸಾಲನ್ನೇ ಓದುತ್ತೇನೆ.

ಚಿನ್ನದ ಹಾಲ್‌ಮಾರ್ಕ್ ತೋರಿಸಿ ಹರಳಿನ ಬಗ್ಗೆ ಭರವಸೆ ಕೊಡುವವರೂ ಇದ್ದಾರೆ. ಆ ಹಾಲ್‌ಮಾರ್ಕಿನಲ್ಲಿರುವ, ಅಕ್ಷರ-ಅಂಕಿ ಸೇರಿ ಆರು ಚಿಹ್ನೆಗಳ ಎಚ್‌ಯುಐಡಿ ಸಂಕೇತ ಹೇಳುವುದು ಚಿನ್ನದ ಶುದ್ಧತೆಯನ್ನು. ಹರಳಿಗೂ ಅದಕ್ಕೂ ಸಂಬಂಧವಿಲ್ಲ. ಕಾರ್ಡಿನಲ್ಲಿ ‘ಮಾರುಕಟ್ಟೆ ಬೆಲೆ’ ಎಂದು ಲಕ್ಷಗಟ್ಟಲೆ ಅಚ್ಚಾಗಿದ್ದರೂ ಅನುಮಾನಿಸಿ. ಜಿಐಎ ತನ್ನ ರಿಪೋರ್ಟಿನಲ್ಲಿ ಬೆಲೆ ಬರೆಯುವುದೇ ಇಲ್ಲ.

ಇನ್ನು ವಾಪಸಾತಿಯ ಗಡುವು. ಅದು ಮುಗಿಯುವುದರೊಳಗೆ, ಮಾರಿದವನು ಸೂಚಿಸಿದ ಲ್ಯಾಬಿನಲ್ಲಲ್ಲ, ನೀವೇ ಆರಿಸಿದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಪರೀಕ್ಷೆಗೆ ಎಷ್ಟು ದಿನ ಬೇಕೆಂದು ಲ್ಯಾಬಿಗೆ ಫೋನ್ ಮಾಡಿ ಕೇಳಿಕೊಂಡೇ ಆರ್ಡರ್ ಹಾಕಿ.