ರಕ್ತನಂಜು (ಸೆಪ್ಸಿಸ್): ರಕ್ತದಿಂದ ವಿಷಾಂಶವನ್ನು ಸೋಸಿ ತೆಗೆಯುವ ಚಿಕಿತ್ಸೆ

ಸೋಂಕಿಗೆ ದೇಹವು ತೋರುವ ಪ್ರತಿಕ್ರಿಯೆಯು ಮಿತಿಮೀರಿ ಸ್ವಂತ ಅಂಗಾಂಗಗಳಿಗೇ ಹಾನಿಯುಂಟಾಗುವ ಸ್ಥಿತಿಯನ್ನು ಸೆಪ್ಸಿಸ್ ಅಥವಾ ರಕ್ತನಂಜು ಎನ್ನಲಾಗುತ್ತದೆ. ತೀವ್ರ ನಿಗಾ ಘಟಕದಲ್ಲಿರುವ ಇಂತಹ ರೋಗಿಗಳಿಗೆ ಕೆಲವೊಮ್ಮೆ ರಕ್ತವನ್ನು ಸೋಸುವ ವಿಶೇಷ ಚಿಕಿತ್ಸೆಯನ್ನು ಸೂಚಿಸಲಾಗುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕಾದ ಸಂಬಂಧಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ವಿಷಾಂಶ ಎಲ್ಲಿಂದ ಬರುತ್ತದೆ?

ಇ. ಕೋಲೈ, ಕ್ಲೆಬ್ಸಿಯೆಲ್ಲಾ ಮುಂತಾದ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಎಂಡೋಟಾಕ್ಸಿನ್ ಎಂಬ ವಸ್ತುವಿರುತ್ತದೆ. ಬ್ಯಾಕ್ಟೀರಿಯಾ ಸತ್ತು ಒಡೆದಾಗ ಇದು ರಕ್ತಕ್ಕೆ ಸೇರುತ್ತದೆ. ಇದರಿಂದ ಉರಿಯೂತ ಕೆರಳಿ, ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಕುಸಿಯುತ್ತದೆ. ಔಷಧದಿಂದ ರೋಗಾಣು ಸತ್ತರೂ ಅದರ ವಿಷ ಕೆಲಕಾಲ ಉಳಿಯಬಹುದು. ಆ ವಿಷವನ್ನೇ ಹೊರತೆಗೆಯುವುದು ಈ ಚಿಕಿತ್ಸೆಯ ಉದ್ದೇಶ.

ಚಿಕಿತ್ಸಾ ವಿಧಾನ

ಪಾಲಿಮಿಕ್ಸಿನ್ ಬಿ ಎಂಬ ಆಂಟಿಬಯೋಟಿಕ್ ಎಂಡೋಟಾಕ್ಸಿನ್‌ಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆದರೆ ಅದನ್ನು ನೇರವಾಗಿ ರಕ್ತಕ್ಕೆ ನೀಡಿದಲ್ಲಿ ಮೂತ್ರಪಿಂಡ ಹಾಗೂ ನರಗಳಿಗೆ ಹಾನಿಯಾಗುವ ಸಂಭವವಿದೆ. ಆದ್ದರಿಂದ ಜಪಾನಿನಲ್ಲಿ ಅದನ್ನು ಪಾಲಿಸ್ಟೈರೀನ್ ಎಳೆಗಳಿಗೆ ಕಳಚದಂತೆ ಬಂಧಿಸಿದ ಸೋಸುಕವೊಂದನ್ನು ರೂಪಿಸಲಾಯಿತು. 1994ರಲ್ಲಿ ಇದು ಅಲ್ಲಿನ ಆರೋಗ್ಯ ವಿಮೆಯ ವ್ಯಾಪ್ತಿಗೆ ಬಂದಿತು. ಡಯಾಲಿಸಿಸ್‌ನಲ್ಲಿರುವಂತೆ ರೋಗಿಯ ರಕ್ತವನ್ನು ಹೊರತಂದು, ಸೋಸುಕದ ಮೂಲಕ ಹಾಯಿಸಿ, ಮರಳಿ ದೇಹಕ್ಕೆ ಸೇರಿಸಲಾಗುತ್ತದೆ. ಸಾಮಾನ್ಯವಾಗಿ ಎರಡು ಗಂಟೆಗಳ ಅವಧಿಯಂತೆ ಎರಡು ಬಾರಿ ಮಾಡಲಾಗುತ್ತದೆ.

ಇದು ಎಷ್ಟು ಪರಿಣಾಮಕಾರಿ?

ಇಟಲಿಯಲ್ಲಿ 64 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 28 ದಿನಗಳೊಳಗಿನ ಸಾವಿನ ಪ್ರಮಾಣವು ಶೇ. 53ಕ್ಕೆ ಬದಲಾಗಿ ಶೇ. 32 ಇದ್ದಿತು. ಇದು ಬಹಳ ಭರವಸೆ ಮೂಡಿಸಿತು. ಆದರೆ ರೋಗಿಗಳ ಸಂಖ್ಯೆ ಕಡಿಮೆಯಿದ್ದು, ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಗಿತ್ತು ಎಂಬುದನ್ನು ಗಮನಿಸಬೇಕು. 2015ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಪ್ರಯೋಜನ ಕಂಡುಬರಲಿಲ್ಲ. ಉತ್ತರ ಅಮೆರಿಕದಲ್ಲಿ, ರಕ್ತದಲ್ಲಿ ಎಂಡೋಟಾಕ್ಸಿನ್ ಹೆಚ್ಚಿರುವುದನ್ನು ಪರೀಕ್ಷಿಸಿಯೇ ಆಯ್ದ 450 ರೋಗಿಗಳ ಅಧ್ಯಯನದಲ್ಲಿಯೂ (2018) ಒಟ್ಟಾರೆ ಸಾವಿನ ಪ್ರಮಾಣ ತಗ್ಗಲಿಲ್ಲ. ಸೆಪ್ಸಿಸ್ ಕುರಿತ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಈ ಚಿಕಿತ್ಸೆಯನ್ನು ಬಳಸದಿರುವಂತೆ ಸಲಹೆ ನೀಡಿತು; ಆದರೆ ಲಭ್ಯ ಪುರಾವೆ ದುರ್ಬಲವಾದುದೆಂದೂ ತಿಳಿಸಿತು.

ಸಂಬಂಧಿಕರ ಗಮನಕ್ಕೆ

ಈ ಸೋಸುಕವು ದುಬಾರಿಯಾದುದು. ಇದನ್ನು ಬಳಸಲಾಗದಿದ್ದಲ್ಲಿ ರೋಗಿಗೆ ಅನ್ಯಾಯವಾಯಿತೆಂದು ಕುಟುಂಬದವರು ಕೊರಗಬೇಕಾಗಿಲ್ಲ. ಸೂಕ್ತ ಆಂಟಿಬಯೋಟಿಕ್, ರಕ್ತನಾಳದ ಮೂಲಕ ದ್ರವ, ರಕ್ತದೊತ್ತಡ ಕಾಯುವ ಔಷಧ ಹಾಗೂ ಕೀವು ತೆಗೆಯುವಂತಹ ಕ್ರಮಗಳಿಂದ ಸೋಂಕಿನ ಮೂಲವನ್ನು ನಿವಾರಿಸುವುದು, ಇವೇ ಮುಖ್ಯ ಚಿಕಿತ್ಸೆ. ಆಘಾತ ಸ್ಥಿತಿಯಲ್ಲಿರುವ ರೋಗಿಗೆ ಆಂಟಿಬಯೋಟಿಕ್ ಅನ್ನು ಒಂದು ಗಂಟೆಯೊಳಗೆ ನೀಡತಕ್ಕದ್ದು. ಸೋಸುವ ಚಿಕಿತ್ಸೆಯನ್ನು ಸೂಚಿಸಿದಲ್ಲಿ, ರೋಗಿಯಲ್ಲಿ ಎಂಡೋಟಾಕ್ಸಿನ್ ಇರುವುದು ದೃಢಪಟ್ಟಿದೆಯೇ, ಸೋಂಕಿನ ಮೂಲ ಪತ್ತೆಯಾಗಿದೆಯೇ, ರಕ್ತಸ್ರಾವದ ಅಪಾಯವೆಷ್ಟು, ಒಟ್ಟು ವೆಚ್ಚವೆಷ್ಟು ಎಂಬುದನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳಬಹುದು.